ಗುಂಡು ಹಾರಿದ ಮೇಲೆ ಶುರುವಾಗುವ ಕೆಲಸ: ಅಲಾಸ್ಕದ ಕ್ಯಾರಿಬೂ ಬೇಟೆ, ಮಕ್ಕಳು ಮತ್ತು ಕರಡಿ

ಓದುಗರ ಪ್ರಶ್ನೆ: ಅಲಾಸ್ಕದಲ್ಲಿ ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಸೇರಿ ಕ್ಯಾರಿಬೂ ಎಂಬ ಹಿಮಜಿಂಕೆಯ ಬೇಟೆಗೆ ಹೋಗುತ್ತಾರಂತೆ. ಅದು ಗ್ರಿಜ್ಲಿ ಕರಡಿಗಳ ನಾಡು ಎಂದೂ ಓದಿದ್ದೇನೆ. ಮಕ್ಕಳನ್ನು ಕಟ್ಟಿಕೊಂಡು ಅಂಥ ಜಾಗಕ್ಕೆ ಹೋಗುವುದು ಹೇಗೆ ಸಾಧ್ಯ? ಕರಡಿ ಬಂದರೆ ಏನು ಮಾಡುತ್ತಾರೆ?

ಉತ್ತರ: ನಮ್ಮ ಕಡೆ ಕರಡಿ ಎಂದರೆ ದರೋಜಿಯ ಬಂಡೆಗಳ ನಡುವೆ ಗೆದ್ದಲು, ಜೇನು, ಹಣ್ಣು ಹುಡುಕಿಕೊಂಡು ತಿರುಗುವ ಕಪ್ಪು ಕರಡಿ. ಅದು ಮನುಷ್ಯರ ಮೇಲೆ ಬೀಳುವುದು ಹೆಚ್ಚಾಗಿ ಹತ್ತಿರದಲ್ಲಿ ಎದುರಾಗಿ ಗಾಬರಿಯಾದಾಗ. ಗ್ರಿಜ್ಲಿಯ ಸ್ವಭಾವವೇ ಬೇರೆ. ಗೆಡ್ಡೆ, ಕಾಡುಹಣ್ಣು, ನೆಲದ ಅಳಿಲು ತಿಂದುಕೊಂಡಿದ್ದರೂ ಸತ್ತ ಪ್ರಾಣಿಯ ವಾಸನೆ ಸಿಕ್ಕಿತೆಂದರೆ ಅದರ ಜಾಡು ಹಿಡಿದು ಬಂದೇ ಬರುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಂತೂ ಚಳಿಗಾಲದ ನಿದ್ದೆಗೆ ಮುಂಚೆ ಕೊಬ್ಬು ಕೂಡಿಸಿಕೊಳ್ಳಲು ದಿನವಿಡೀ ತಿನ್ನುತ್ತಲೇ ಇರುತ್ತದೆ. ಕ್ಯಾರಿಬೂ ಬೇಟೆಯ ಕಾಲವೂ ಅದೇ.

ಹೀಗಾಗಿ ಬೇಟೆ ಹುಡುಕಿಕೊಂಡು ನಡೆಯುವಾಗ ಇರುವುದಕ್ಕಿಂತ ಹೆಚ್ಚಿನ ಅಪಾಯ ಇರುವುದು ಪ್ರಾಣಿ ಬಿದ್ದ ಗಳಿಗೆಯಿಂದ ಮಾಂಸ ಗಾಡಿಗೋ ದೋಣಿಗೋ ವಿಮಾನಕ್ಕೋ ಏರುವ ತನಕ. ಮಕ್ಕಳಿರುವ ಕುಟುಂಬ ಇಡೀ ಪ್ರವಾಸವನ್ನು ಈ ಕೆಲವು ಗಂಟೆಗಳ ಸುತ್ತಲೇ ಯೋಜಿಸಬೇಕು. ಎಲ್ಲಿ ಹೊಡೆಯಬೇಕು, ಎಷ್ಟು ಹೊಡೆಯಬೇಕು, ಎಷ್ಟು ಜನ ಹೋಗಬೇಕು ಎಂಬುದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ.

ಮೊದಲು ದೂರದ ಲೆಕ್ಕ. ಉತ್ತರಕ್ಕೆ ರಸ್ತೆಯಲ್ಲೇ ಹೋಗಬಹುದಾದ ದಾರಿ ಡಾಲ್ಟನ್ ಹೆದ್ದಾರಿ, ಲಿವೆಂಗುಡ್ ಬಳಿಯಿಂದ ಡೆಡ್‌ಹಾರ್ಸ್ ತನಕ 666 ಕಿ.ಮೀ. ಯೂಕಾನ್ ನದಿ ದಾಟಿದ ಮೇಲೆ ಈ ಹೆದ್ದಾರಿಯ ಎರಡೂ ಬದಿ ಐದೈದು ಮೈಲಿ, ಅಂದರೆ ಎಂಟೆಂಟು ಕಿ.ಮೀ. ಒಳಗೆ ಕೋವಿಯಿಂದ ಬೇಟೆಯಾಡುವಂತಿಲ್ಲ. ಬಿಲ್ಲು ಬಾಣಕ್ಕೆ ಅವಕಾಶವಿದೆ, ಅದಕ್ಕೆ ತರಬೇತಿಯ ಪ್ರಮಾಣಪತ್ರ ಬೇಕು. ಕೋವಿ ಬೇಕೆಂದರೆ ಎಂಟು ಕಿ.ಮೀ. ನಡೆಯಬೇಕು. ಬ್ರೂಕ್ಸ್ ಪರ್ವತಸಾಲಿನಾಚೆ ಆ ನೆಲ ಮರವಿಲ್ಲದ ಟಂಡ್ರಾ. ಮಡಕೆಗಳನ್ನು ಬೋರಲು ಹಾಕಿ ಸಾಲಾಗಿ ಇಟ್ಟಂತೆ ಹುಲ್ಲಿನ ಗುಪ್ಪೆಗಳು, ನಡುನಡುವೆ ನೀರು. ಗುಪ್ಪೆಯ ಮೇಲೆ ಕಾಲಿಟ್ಟರೆ ಅದು ವಾಲುತ್ತದೆ, ಪಕ್ಕಕ್ಕೆ ಇಟ್ಟರೆ ಮೊಣಕಾಲುದ್ದ ಹೂಳು. ಗಂಟೆಗೆ ಒಂದೂವರೆ ಕಿ.ಮೀ. ಸಾಗಿದರೆ ದೊಡ್ಡದು.

ಒಂದು ಬಲಿತ ಗಂಡು ಕ್ಯಾರಿಬೂ 160ರಿಂದ 180 ಕಿಲೋ ತೂಗುತ್ತದೆ. ಮೂಳೆ ಬಿಡಿಸಿದ ಮೇಲೆ ಸುಮಾರು 50 ಕಿಲೋ ಮಾಂಸ. ಕೆಲವು ಬೇಟೆ ವಲಯಗಳಲ್ಲಿ ಕಾಲುಗಳ ಮಾಂಸವನ್ನು ಮೂಳೆ ಸಮೇತವೇ ತರಬೇಕೆಂಬ ನಿಯಮವಿದೆ. ಆಗ ಹೊರೆ ಇನ್ನೂ ಹೆಚ್ಚು. ಒಬ್ಬರು ಈ ನೆಲದಲ್ಲಿ ಹೊರಬಹುದಾದದ್ದು 25ರಿಂದ 30 ಕಿಲೋ. ಹಾಗಾಗಿ ಮೂಳೆ ಬಿಡಿಸಿದ್ದಾದರೂ ಎರಡು ಹೊರೆ, ಮೂಳೆ ಸಮೇತವಾದರೆ ಮೂರು ಅಥವಾ ನಾಲ್ಕು. ಟೆಂಟು, ಅಡುಗೆ ಸಾಮಾನು, ಮಕ್ಕಳ ಚೀಲ ಬೇರೆ. ಎರಡನೆಯ ಸರದಿಗೆ ವಾಪಸು ಬರುವಷ್ಟರಲ್ಲಿ ರಾತ್ರಿ ಕಳೆದಿರುತ್ತದೆ. ಕಾವಲಿಲ್ಲದೆ ರಾತ್ರಿ ಕಳೆದ ಆ ಮಾಂಸವೇ ಕರಡಿಗೆ ಕರೆ. ಮಕ್ಕಳಿರುವವರಿಗೆ ಈ ಎಂಟು ಕಿ.ಮೀ. ನಡಿಗೆಯ ಬೇಟೆ ಸಲ್ಲದು ಎಂಬುದೇ ನಮ್ಮ ಖಚಿತ ಅಭಿಪ್ರಾಯ. ನದಿಯಲ್ಲಿ ದೋಣಿಯ ಮೇಲೆ ಹೋಗುವುದು, ಇಲ್ಲವೇ ಸಣ್ಣ ವಿಮಾನದಲ್ಲಿ ಇಳಿದು ಕ್ಯಾಂಪಿನಿಂದ ಒಂದು ಕಿ.ಮೀ. ಒಳಗೆ ಬಂದದ್ದನ್ನು ಮಾತ್ರ ಹೊಡೆಯುವುದು ಸರಿಯಾದ ದಾರಿ. ವಿಮಾನದಲ್ಲಿ ಹೋದವರು ಸಾಮಾನ್ಯವಾಗಿ ಅದೇ ದಿನ ಬೇಟೆಯಾಡುವಂತಿಲ್ಲ, ಮರುದಿನ ಬೆಳಗಿನ ಜಾವ 3 ಗಂಟೆಯ ತನಕ ಕಾಯಬೇಕು. ಹವಾಮಾನ ಕೆಟ್ಟರೆ ವಿಮಾನ ಹೇಳಿದ ದಿನ ಬರುವುದಿಲ್ಲ, ಆದ್ದರಿಂದ ಕನಿಷ್ಠ ಮೂರು ದಿನದ ಹೆಚ್ಚುವರಿ ಊಟ ಕೈಯಲ್ಲಿರಲಿ.

ಕುಟುಂಬಕ್ಕೆ ಒಂದು ಸಲಕ್ಕೆ ಒಂದೇ ಪ್ರಾಣಿ ಸಾಕು. ಹಿಂಡು ಮುಂದೆ ಹಾದುಹೋಗುವಾಗ, ನಡೆಯುವ ಪಾದಗಳ ಸ್ನಾಯುರಜ್ಜು ಮೂಳೆಗೆ ಉಜ್ಜಿ ಹೊಮ್ಮುವ ಟಿಕ್ ಟಿಕ್ ಸದ್ದು ಕಿವಿಗೇ ಬೀಳುವಷ್ಟು ಹತ್ತಿರ ಬಂದಾಗ, ಇನ್ನೊಂದು ಹೊಡೆಯುವ ಆಸೆ ಯಾರಿಗಾದರೂ ಆಗುತ್ತದೆ. ಎರಡು ಪ್ರಾಣಿ ಬಿದ್ದರೆ ಕೊಯ್ಯುವ, ಹೊರುವ, ಕಾಯುವ ಸಮಯ ಎರಡರಷ್ಟಾಗುತ್ತದೆ. ಹಿಂಡುಗಳ ಸ್ಥಿತಿಯೂ ಚೆನ್ನಾಗಿಲ್ಲ: ಪಶ್ಚಿಮ ಆರ್ಕ್ಟಿಕ್ ಹಿಂಡು 2003ರಲ್ಲಿ 4,90,000 ಇದ್ದದ್ದು 2023ರ ಎಣಿಕೆಯಲ್ಲಿ 1,52,000ಕ್ಕೆ ಇಳಿದಿತ್ತು. ಎಷ್ಟು ಹೊಡೆಯಬಹುದು, ಗಂಡೋ ಹೆಣ್ಣೋ ಎಂಬ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಬೇಕು. ಹೆಣ್ಣಿಗೂ ಕೊಂಬು ಇರುವ ಜಿಂಕೆ ಜಾತಿ ಇದೊಂದೇ, ಕೊಂಬು ನೋಡಿ ಗಂಡೆಂದು ತಿಳಿದರೆ ತಪ್ಪಾಗುತ್ತದೆ. ದೊಡ್ಡ ಗಂಡುಗಳು ಬೆದೆಗೆ ಬರುವುದು ಅಕ್ಟೋಬರಿನಲ್ಲಾದರೂ ಸೆಪ್ಟೆಂಬರಿನ ಕೊನೆಯ ಹೊತ್ತಿಗೇ ಅವುಗಳ ಮಾಂಸ ಗಬ್ಬು ವಾಸನೆ ಹಿಡಿದು ಬಾಯಿಗಿಡಲಾಗದಂತೆ ಆಗುತ್ತದೆ.

ಇನ್ನು ಹಸಿಗೆ, ಅಂದರೆ ತೊಗಲು ಸುಲಿದು ಮಾಂಸ ಬಿಡಿಸುವ ಕೆಲಸ. ಗುಂಡು ತಾಗಿದ ಕೂಡಲೇ ಓಡಿಹೋಗಬಾರದು. ಒಬ್ಬರು ದುರ್ಬೀನಿನಲ್ಲಿ ಸುತ್ತ ಒಂದು ಸುತ್ತು ನೋಡಬೇಕು. ಪ್ರಾಣಿ ಪೊದೆಯಲ್ಲಿ ಬಿದ್ದಿದ್ದರೆ ಎಳೆದು ಬಯಲಿಗೆ ತರಬೇಕು. ಕೊಯ್ಯುವವರ ಕಣ್ಣು ಚಾಕುವಿನ ಮೇಲಿರುತ್ತದೆ, ತಲೆ ಬಗ್ಗಿರುತ್ತದೆ, ಕೈಯೆಲ್ಲ ರಕ್ತ. ಆಗ ಕಾವಲಿಗೆ ನಿಂತವರು ಕಾವಲು ಬಿಟ್ಟು ಬೇರೇನೂ ಮಾಡಬಾರದು, ಕಾಲು ಹಿಡಿದುಕೊಡುವುದಕ್ಕೂ ಬಗ್ಗಬಾರದು. ಮಕ್ಕಳ ಮೇಲೂ ಒಬ್ಬರ ಕಣ್ಣು ಬೇಕಲ್ಲ, ಅದಕ್ಕೇ ಮಕ್ಕಳಿದ್ದರೆ ಇಬ್ಬರು ದೊಡ್ಡವರು ಸಾಲದು, ಮೂವರು ಬೇಕು. ಮಾವನೋ ಚಿಕ್ಕಪ್ಪನೋ ಜೊತೆಗಿದ್ದರೆ ಸರಿಹೋಯಿತು.

ಹೊಟ್ಟೆ ಸೀಳದೆಯೇ ಮಾಂಸ ತೆಗೆಯುವ ವಿಧಾನ ಇಲ್ಲಿ ಒಳ್ಳೆಯದು. ಕರುಳು ಬೋಟಿ ಒಳಗೇ ಉಳಿಯುವುದರಿಂದ ಕೆಲಸ ಬೇಗ, ಮಾಂಸ ಸ್ವಚ್ಛ. ಪ್ರಾಣಿಯನ್ನು ಒಂದು ಮಗ್ಗುಲಿಗೆ ಮಲಗಿಸಿ ಬೆನ್ನಿನ ಗೆರೆಯಲ್ಲಿ ತೊಗಲು ಸೀಳುತ್ತಾರೆ. ಚಾಕುವಿನ ಅಲಗು ಮೇಲ್ಮುಖವಾಗಿದ್ದು ಒಳಗಿನಿಂದ ಹೊರಕ್ಕೆ ಕತ್ತರಿಸಬೇಕು. ಕ್ಯಾರಿಬೂ ಕೂದಲು ಒಳಗೆ ಟೊಳ್ಳು. ಮೇಲಿನಿಂದ ಕೊಯ್ದರೆ ತುಂಡುತುಂಡಾಗಿ ಮಾಂಸಕ್ಕೆ ಅಂಟಿ ತೊಳೆದರೂ ಬಿಡುವುದಿಲ್ಲ. ತೊಗಲನ್ನು ಹೊಟ್ಟೆಯ ಕಡೆಗೆ ಹಾಸಿದರೆ ಅದೇ ಚಾಪೆ. ಮುಂಗಾಲಿಗೆ ಮೂಳೆಯ ಕೀಲಿಲ್ಲ, ಎತ್ತಿ ಹಿಡಿದು ಹೆಗಲ ಮೂಳೆಯ ಕೆಳಗೆ ಚಾಕು ಆಡಿಸಿದರೆ ಕಳಚಿ ಬರುತ್ತದೆ. ಹಿಂಗಾಲನ್ನು ಸೊಂಟದ ಕೀಲಿನಲ್ಲಿ ಬಿಡಿಸಬೇಕು. ಆಮೇಲೆ ಬೆನ್ನುಮೂಳೆಯ ಪಕ್ಕದ ಉದ್ದ ಪಟ್ಟಿ, ಕತ್ತು, ಪಕ್ಕೆಲುಬಿನ ನಡುವಿನ ಮಾಂಸ. ಒಳಗಿನ ಮೆತ್ತನೆಯ ಪಟ್ಟಿಯನ್ನು ಕೊನೆಯ ಪಕ್ಕೆಲುಬಿನ ಹಿಂದೆ ಕೈ ಹಾಕಿ ತೆಗೆಯುತ್ತಾರೆ. ನಂತರ ಹೊರಳಿಸಿ ಇನ್ನೊಂದು ಮಗ್ಗುಲು. ಕೈಪಳಗಿದವರಿಗೆ ಒಂದೂವರೆ ಗಂಟೆ ಸಾಕು. ಕೈಗೆ ಗ್ಲೌಸ್ ಇರಲಿ: ಕೀಲುಗಳು ಅಥವಾ ಬೀಜ ಊದಿಕೊಂಡಿದ್ದರೆ ಬ್ರುಸೆಲ್ಲೋಸಿಸ್ ಎಂಬ, ಮನುಷ್ಯರಿಗೂ ಅಂಟುವ ರೋಗ ಇರಬಹುದು, ಆ ಭಾಗಕ್ಕೆ ಚಾಕು ತಾಗಿಸಬಾರದು. ತಿನ್ನುವ ಮಾಂಸವನ್ನು ಬಿಟ್ಟು ಕೊಂಬು ಮಾತ್ರ ಒಯ್ಯುವುದು ಅಲಾಸ್ಕದಲ್ಲಿ ಅಪರಾಧ.

ಮಾಂಸವನ್ನು ಪ್ಲಾಸ್ಟಿಕ್ಕಿಗೆ ತುಂಬಿದರೆ ಬಿಸಿ ಹೊರಹೋಗದೆ ಒಂದೇ ದಿನದಲ್ಲಿ ಹುಳಿ ವಾಸನೆ ಬರುತ್ತದೆ. ಗಾಳಿಯಾಡುವ ಬಟ್ಟೆ ಚೀಲ ಬೇಕು. ನೊಣಗಳ ಕಾಟ ಇದ್ದರೆ ಒಂದು ಲೀಟರ್ ನೀರಿಗೆ ಸುಮಾರು 60 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ ಮಾಂಸದ ಮೇಲೆ ಸಿಂಪಡಿಸುತ್ತಾರೆ. ಮೇಲ್ಮೈ ಒಣಗಿ ಗಟ್ಟಿ ಪೊರೆ ಕಟ್ಟಿದರೆ ನೊಣ ಮೊಟ್ಟೆ ಇಡುವುದು ಕಡಿಮೆ.

ಹಸಿಗೆ ಮುಗಿದ ಕೂಡಲೇ ಎಲ್ಲ ಚೀಲಗಳನ್ನೂ ಆ ಜಾಗದಿಂದ ಕನಿಷ್ಠ ನೂರು ಮೀಟರ್ ಆಚೆಗೆ ಸಾಗಿಸಬೇಕು. ಕರಡಿ ಮೊದಲು ಬರುವುದು ಕರುಳು ಬೋಟಿ ಒಳಗೇ ಉಳಿದ ಆ ಒಡಲಿಗೆ. ಮರವಿಲ್ಲದ ನಾಡಿನಲ್ಲಿ ತೂಗುಹಾಕಲು ಆಗದು, ಹಾಗಾಗಿ ಕುರುಚಲು ಕೊಂಬೆಗಳ ಹಾಸಿನ ಮೇಲೆ ಚೀಲಗಳನ್ನು ಬಿಡಿಬಿಡಿಯಾಗಿ ಇಟ್ಟು, ಮೇಲೆ ಗಾಳಿಯಾಡುವಂತೆ ಟಾರ್ಪಾಲು ಎತ್ತಿ ಕಟ್ಟುತ್ತಾರೆ. ಜಾಗ ಮಾತ್ರ ದೂರದಿಂದಲೇ ಕಾಣುವ ಬಯಲಾಗಿರಬೇಕು. ತಗ್ಗಿನಲ್ಲೋ ಪೊದೆಯ ಹಿಂದೆಯೋ ಅಡಗಿಸಿಟ್ಟರೆ ಕರಡಿಗೇನೂ ತೊಂದರೆಯಿಲ್ಲ, ಅದು ಮೂಗಿನಿಂದ ಹುಡುಕುತ್ತದೆ. ಕಾಣದೆ ಹೋಗುವುದು ನಿಮಗೆ.

ವಾಪಸು ಬರುವಾಗಲೇ ಹೆಚ್ಚು ಜನ ಎಡವುವುದು. ಮಾಂಸ ನಮ್ಮದೇ ಎಂಬ ಧೈರ್ಯದಲ್ಲಿ ನೇರವಾಗಿ ಹೋಗಿಬಿಡುತ್ತಾರೆ. ಮುನ್ನೂರು ಮೀಟರ್ ದೂರದ ದಿಬ್ಬದ ಮೇಲೆ ನಿಂತು ದುರ್ಬೀನಿನಲ್ಲಿ ನೋಡಬೇಕು, ಜೋರಾಗಿ ಮಾತಾಡುತ್ತ, ಗಾಳಿ ಬೆನ್ನಿಗಿರುವ ಕಡೆಯಿಂದ ಹತ್ತಿರವಾಗಬೇಕು. ನಮ್ಮ ವಾಸನೆ ಮೊದಲೇ ತಲುಪಿದರೆ ಕರಡಿ ಹೋಗುವ ಸಾಧ್ಯತೆ ಹೆಚ್ಚು. ಚೀಲ ಇಟ್ಟ ಕಡೆ ಇಲ್ಲ, ಅಥವಾ ಮಣ್ಣು, ಪಾಚಿ, ಹುಲ್ಲು ಕೆದರಿ ಗುಡ್ಡೆ ಹಾಕಿದೆ ಎಂದರೆ ಗ್ರಿಜ್ಲಿ ಅದನ್ನು ತನ್ನದೆಂದು ಮುಚ್ಚಿಟ್ಟಿದೆ, ತಾನೂ ಹತ್ತಿರದಲ್ಲೇ ಮಲಗಿದೆ. ಆ ಮಾಂಸದ ಆಸೆ ಬಿಟ್ಟು ಬಂದ ದಾರಿಯಲ್ಲೇ ಹಿಂದಿರುಗಬೇಕು. ಕಾನೂನೂ ಹಾಗೇ ಹೇಳುತ್ತದೆ: ಬದುಕಿಗೆ ಅದೇ ಆಧಾರವಾಗಿದ್ದರೆ ಹೊರತು ಬೇಟೆಯ ಮಾಂಸ ಉಳಿಸಿಕೊಳ್ಳಲು ಕರಡಿಯನ್ನು ಕೊಲ್ಲುವಂತಿಲ್ಲ. ತಪ್ಪಿಸಲಾಗದೆ ಬೇರೆ ಪ್ರಾಣಿಯ ಪಾಲಾದ ಮಾಂಸಕ್ಕೆ ಬೇಟೆಗಾರರನ್ನು ಹೊಣೆ ಮಾಡುವುದೂ ಇಲ್ಲ. ಪ್ರಾಣ ಉಳಿಸಿಕೊಳ್ಳಲು ಕೊಂದರೆ ಉಗುರು ಸಮೇತ ತೊಗಲು ಮತ್ತು ತಲೆಬುರುಡೆ ಸರ್ಕಾರಕ್ಕೆ ಒಪ್ಪಿಸಬೇಕು.

ಕ್ಯಾಂಪಿನಲ್ಲಿ ಮಲಗುವ ಟೆಂಟು, ಅಡುಗೆಯ ಜಾಗ, ಊಟದ ಡಬ್ಬ, ಮಾಂಸ ಇವೆಲ್ಲ ಒಂದಕ್ಕೊಂದು ನೂರು ಮೀಟರ್ ದೂರ. ರಕ್ತ ಹತ್ತಿದ ಬಟ್ಟೆಯಾಗಲಿ, ಮಗುವಿನ ಜೇಬಿನ ಚಾಕಲೇಟಾಗಲಿ ಟೆಂಟಿನೊಳಗೆ ಬರಬಾರದು. ಟೆಂಟಿಗೂ ಮಾಂಸಕ್ಕೂ ಸುತ್ತ ವಿದ್ಯುತ್ ತಂತಿ ಕಟ್ಟುವುದು ಈಗ ಸಾಮಾನ್ಯ. ಮಲೆನಾಡಿನ ತೋಟಗಳ ಐಬೆಕ್ಸ್ ಬೇಲಿಯ ಸಣ್ಣ ರೂಪ ಎನ್ನಿ. ದಪ್ಪ ಟಾರ್ಚಿನ ಎರಡು ಸೆಲ್ಲಿನಲ್ಲಿ ನಡೆಯುವ, ಎರಡು ಕಿಲೋಗಿಂತ ಕಡಿಮೆ ತೂಕದವೂ ಸಿಗುತ್ತವೆ. ನದಿ ದಂಡೆಯ ಒಣ ಜಲ್ಲಿಯ ಮೇಲೆ ಅರ್ತಿಂಗ್ ಸಿಗದೆ ಹೊಡೆತ ಬೀಳುವುದಿಲ್ಲ. ಅಂಥಲ್ಲಿ ಒಂದು ತಂತಿಗೆ ಕರೆಂಟು, ಮುಂದಿನದಕ್ಕೆ ಅರ್ತ್ ಹೀಗೆ ಒಂದು ಬಿಟ್ಟು ಒಂದು ಕಟ್ಟಬೇಕು. ತಂತಿಗೆ ಹುಲ್ಲು ತಾಗದಂತೆ ಸವರಬೇಕು.

ಕರಡಿ ಎದುರೇ ಬಂದರೆ? ಪೆಪ್ಪರ್ ಸ್ಪ್ರೇ, ಅಂದರೆ ಮೆಣಸಿನಕಾಯಿಯ ಖಾರದ್ದೇ ಸತ್ವ, 225 ಗ್ರಾಮಿಗೆ ಕಡಿಮೆಯಿಲ್ಲದ ಡಬ್ಬಿ, ಪ್ರತಿ ದೊಡ್ಡವರ ಸೊಂಟದಲ್ಲಿ. ಬೆನ್ನಿನ ಚೀಲದೊಳಗಿದ್ದರೆ ಇದ್ದೂ ಇಲ್ಲದಂತೆ. ಅದರ ಹರವು ಎಂಟು ಹತ್ತು ಮೀಟರ್. ನುಗ್ಗಿ ಬರುವ ಕರಡಿಯ ಮುಂದೆ, ಸ್ವಲ್ಪ ಕೆಳಮುಖವಾಗಿ, ಅದು ಹಾದುಬರಲೇಬೇಕಾದ ಮೋಡ ಎಬ್ಬಿಸಬೇಕು. ಎದುರುಗಾಳಿಯಿದ್ದರೆ ಖಾರ ನಮ್ಮ ಕಣ್ಣಿಗೇ ಬರುತ್ತದೆ, ಕಡು ಚಳಿಯಲ್ಲಿ ಡಬ್ಬಿಯ ಒತ್ತಡವೂ ಕುಗ್ಗುತ್ತದೆ, ಆದ್ದರಿಂದ ರಾತ್ರಿ ಪಕ್ಕದಲ್ಲೇ ಬೆಚ್ಚಗಿಟ್ಟುಕೊಳ್ಳಬೇಕು. ತರಬೇತಿಗೆಂದೇ ಖಾರವಿಲ್ಲದ ಡಬ್ಬಿಗಳು ಸಿಗುತ್ತವೆ, ಮನೆಯಂಗಳದಲ್ಲಿ ಅಭ್ಯಾಸ ಮಾಡಿಯೇ ಹೊರಡಬೇಕು.

ಮಕ್ಕಳಿಗೆ ಕಲಿಸಬೇಕಾದದ್ದು ಸ್ವಲ್ಪವೇ, ಆದರೆ ಅದು ಬಾಯಿಪಾಠವಾಗಿರಬೇಕು: ಓಡಬಾರದು, ಕಿರುಚಬಾರದು, ಹತ್ತಿರದ ದೊಡ್ಡವರ ಬೆನ್ನಿಗೆ ಅಂಟಿ ನಿಲ್ಲಬೇಕು. ನಡೆಯುವಾಗ ಸಾಲಿನ ನಡುವೆ, ಶೌಚಕ್ಕೂ ಒಬ್ಬರೇ ಹೋಗುವಂತಿಲ್ಲ. ಹಸಿಗೆಯ ಹೊತ್ತಿನಲ್ಲಿ ಕಾವಲುಗಾರರ ಪಕ್ಕದಲ್ಲೇ ಕೂರಬೇಕು. ಈ ಮಾತುಗಳನ್ನು ಪಾಲಿಸುವ ವಯಸ್ಸಾಗದ ಮಗುವನ್ನು, ಎಷ್ಟೇ ಹಟ ಮಾಡಿದರೂ, ಮನೆಯಲ್ಲಿ ಬಿಡುವುದೇ ಸರಿ.

ಭಾರತದಿಂದ ನೆಂಟರ ಮನೆಗೆ ಹೋದವರು ಇಂಥ ಪ್ರವಾಸಕ್ಕೆ ಜೊತೆಯಾಗುವುದುಂಟು. ಅಮೆರಿಕದ ನಿವಾಸಿಯಲ್ಲದ ವಿದೇಶಿಯರು ಅಲಾಸ್ಕದಲ್ಲಿ ಕ್ಯಾರಿಬೂ ಬೇಟೆಯಾಡಬೇಕೆಂದರೆ ಲೈಸೆನ್ಸಿನ ಜೊತೆ ನೋಂದಾಯಿತ ಗೈಡ್ ಇರಲೇಬೇಕು. ಹೊರೆ ಹೊರಲು, ಕಾವಲು ಕಾಯಲು ಆ ನಿರ್ಬಂಧವಿಲ್ಲ. ಪೆಪ್ಪರ್ ಸ್ಪ್ರೇಯನ್ನು ದೊಡ್ಡ ವಿಮಾನಗಳಲ್ಲಿ ಕೈಚೀಲದಲ್ಲೂ ಲಗೇಜಿನಲ್ಲೂ ಒಯ್ಯಲು ಬಿಡುವುದಿಲ್ಲ, ಅಲಾಸ್ಕದ ಫೇರ್‌ಬ್ಯಾಂಕ್ಸ್ ನಗರದಲ್ಲೇ ಕೊಳ್ಳಬೇಕು. ಸಣ್ಣ ವಿಮಾನ ಹತ್ತುವಾಗ ಪೈಲಟ್‌ಗೆ ಮೊದಲೇ ತಿಳಿಸಿ: ಡಬ್ಬಿ ಒಳಗೆ ಸೋರಿದರೆ ಅವರ ಕಣ್ಣು ಕಟ್ಟಿಹೋಗುತ್ತದೆ, ಅದಕ್ಕೇ ಅದನ್ನು ಹೊರಗಡೆ ರೆಕ್ಕೆಯ ಆಧಾರಕಂಬಿಗೆ ಕಟ್ಟಿಯೋ, ನೀರಿನ ಮೇಲಿಳಿಯುವ ವಿಮಾನವಾದರೆ ಅದರ ತೇಲುಕಾಲಿನೊಳಗೆ ಇಟ್ಟೋ ಒಯ್ಯುತ್ತಾರೆ.