ಗ್ರೇಟ್ ಬ್ರಿಟನ್ ಹಡಗು: ಹಬೆಯಿಂದ ಹಾಯಿಗೆ ಹೋದದ್ದು ಯಾಕೆ?

ಬ್ರಿಟಿಷ್ ಎಂಜಿನಿಯರ್ ಬ್ರುನೆಲ್ ರೂಪಿಸಿದ ಗ್ರೇಟ್ ಬ್ರಿಟನ್ ಹಡಗಿನ ಬಗ್ಗೆ ಓದುವಾಗ ಒಂದು ಸಾಲು ತಲೆ ಕೆಡಿಸುತ್ತದೆ: 1882ರಲ್ಲಿ ಹಬೆ ಯಂತ್ರ ಕಿತ್ತು ಅದನ್ನು ಬರೀ ಹಾಯಿ ಹಡಗು ಮಾಡಿದರು. ಹಾಯಿ ಹೋಗಿ ಹಬೆ ಬಂತು ಅಂತ ತಾನೇ ನಾವು ಓದುವುದು? ಇಲ್ಲಿ ಎಲ್ಲಾ ಉಲ್ಟಾ. ಈ ಟಿಪ್ಪಣಿ ಮುಖ್ಯವಾಗಿ ಆ ಸಾಲಿಗಾಗಿ.

ಮೊದಲ ಭಾಗ ಸುಲಭ. 1843ರ ಜುಲೈ 19ರಂದು ಬ್ರಿಸ್ಟಲ್‌ನಲ್ಲಿ ನೀರಿಗಿಳಿಯಿತು. ಉದ್ದ 322 ಅಡಿ, ಕಬ್ಬಿಣದ ಮೈ, ಹಿಂದೆ ಪ್ರೊಪೆಲ್ಲರ್. 1845ರಲ್ಲಿ ಲಿವರ್‌ಪೂಲ್‌ನಿಂದ ನ್ಯೂಯಾರ್ಕಿಗೆ 14 ದಿನ ಚಿಲ್ಲರೆ. ಮರುವರ್ಷ ಐರ್ಲೆಂಡಿನ ಡಂಡ್ರಮ್ ಕೊಲ್ಲಿಯಲ್ಲಿ ದಡಕ್ಕೆ ಹತ್ತಿ ಕೂತಿತು, ಬಿಡಿಸುವಷ್ಟರಲ್ಲಿ ಹೆಚ್ಚುಕಡಿಮೆ ವರ್ಷವೇ ಆಯಿತು. ಹಡಗು ಉಳಿಯಿತು, ಅದರ ಮಾಲೀಕ ಕಂಪನಿ ಮುಳುಗಿತು. 1850ರಲ್ಲಿ ಗಿಬ್ಸ್ ಬ್ರೈಟ್ ಕಂಪನಿ ಕೊಂಡು, 1852ರಿಂದ ಮೆಲ್ಬರ್ನ್ ಓಡಾಟಕ್ಕೆ ಹಾಕಿತು. ಆಸ್ಟ್ರೇಲಿಯಾದಲ್ಲಿ ಆಗಷ್ಟೇ ಚಿನ್ನ ಸಿಕ್ಕಿತ್ತು, ಹೋಗುವವರಿಗೆ ಬರವಿರಲಿಲ್ಲ.

ಈಗ ಕಲ್ಲಿದ್ದಲು. ಬದಿ 1 ಅಡಿ ಇರುವ ಪೆಟ್ಟಿಗೆ ತಗೊಳ್ಳಿ. ಹೊರಮೈ 6 ಚದರ ಅಡಿ, ಒಳಜಾಗ 1 ಘನ ಅಡಿ. ಬದಿ 2 ಅಡಿ ಮಾಡಿ. ಹೊರಮೈ 24, ಒಳಜಾಗ 8. ಅಂದರೆ ಮೈ 4 ಪಟ್ಟಾದರೆ ಹೊಟ್ಟೆ 8 ಪಟ್ಟು. ನೀರಿನ ತಡೆ ಹೆಚ್ಚಾಗಿ ಮೈಯನ್ನು ಅವಲಂಬಿಸುತ್ತದೆ, ಕಲ್ಲಿದ್ದಲು ತುಂಬುವುದು ಹೊಟ್ಟೆಯಲ್ಲಿ. ಹಡಗು ದೊಡ್ಡದಾದಷ್ಟೂ ತಡೆಗಿಂತ ಜಾಗ ಜಾಸ್ತಿ ಬೆಳೆಯುತ್ತದೆ. ಬ್ರುನೆಲ್ ಒಂದಕ್ಕಿಂತ ಒಂದು ದೊಡ್ಡ ಹಡಗು ಕಟ್ಟಿದ್ದರ ಹಿಂದೆ ಈ ಲೆಕ್ಕವಿದೆ.

ಗಂಟು ಬೀಳುವುದು ಇಲ್ಲೇ. ಇಷ್ಟು ದೊಡ್ಡ ಹಡಗು ಮೆಲ್ಬರ್ನಿಗೂ ಹಬೆಯಲ್ಲೇ ಹೋಗಬಹುದಿತ್ತು ಅಲ್ವಾ? ಇಲ್ಲ. ಪೆಟ್ಟಿಗೆ ಲೆಕ್ಕದಲ್ಲಿ ದೂರ ಅಷ್ಟೇ ಇದೆ, ಹಡಗು ಬೆಳೆಯುತ್ತದೆ. ಇಲ್ಲಿ ಹಡಗು ಅದೇ, ದೂರ ಬೆಳೆದಿದೆ. ನ್ಯೂಯಾರ್ಕ್ ಸುಮಾರು 3,000 ನಾಟಿಕಲ್ ಮೈಲು, ಮೆಲ್ಬರ್ನ್ ಸುಮಾರು 12,000. ಅದೇ ವೇಗಕ್ಕೆ 4 ಪಟ್ಟು ಕಲ್ಲಿದ್ದಲು ಬೇಕು. ಹೊಟ್ಟೆ ಒಂದಿಂಚೂ ಹಿಗ್ಗಿಲ್ಲ. ಪೂರ್ತಿ ಕಲ್ಲಿದ್ದಲೇ ತುಂಬಿದರೆ ಟಿಕೆಟ್ ಕೊಟ್ಟವರು ಎಲ್ಲಿ ಕೂರಬೇಕು?

ಅದಕ್ಕೇ ಹೊಸ ಮಾಲೀಕರು ಸುಮಾರು 1,000 ಅಶ್ವಶಕ್ತಿಯ ಯಂತ್ರದ ಜಾಗಕ್ಕೆ 500ರದ್ದು ಹಾಕಿದರು. 1853ರಲ್ಲಿ ಮೂರು ಕಂಬಕ್ಕೆ ದೊಡ್ಡ ಹಾಯಿ ಕಟ್ಟಿದರು. ಗಾಳಿಯಿದ್ದಾಗ ಹಾಯಿ, ಇಲ್ಲದಾಗ ಯಂತ್ರ. 1857ರಲ್ಲಿ ಪ್ರೊಪೆಲ್ಲರನ್ನು ನೀರಿನಿಂದ ಮೇಲೆತ್ತುವ ವ್ಯವಸ್ಥೆಯೂ ಬಂತು. ಹಾಯಿಯಲ್ಲಿ ಹೋಗುವಾಗ ಅದು ಸುಮ್ನೆ ನೀರಲ್ಲಿ ಎಳೆದಾಡಬಾರದಲ್ಲ. (ಅದೇ ವರ್ಷ ಸಿಪಾಯಿ ದಂಗೆಗೆ ಬ್ರಿಟಿಷ್ ಸೈನಿಕರನ್ನು ಬೊಂಬಾಯಿಗೂ ಹೊತ್ತು ತಂದಿತು.)

ಯಾವ ಹಬೆ ಹಡಗಿನ ಕಥೆ ಬಂದರೂ ಮೂರು ಪ್ರಶ್ನೆ ಕೇಳಿ: ಎಷ್ಟು ದೂರ, ದಾರಿಯಲ್ಲಿ ಕಲ್ಲಿದ್ದಲು ಸಿಗುತ್ತಾ, ಹೊತ್ತ ಸರಕಿಗೆ ಅವಸರ ಇದೆಯಾ? 1882ಕ್ಕೆ ಹಾಕಿ ನೋಡಿ. ವೇಲ್ಸ್‌ನಿಂದ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಸ್ಯಾನ್ ಫ್ರಾನ್ಸಿಸ್ಕೋ. ಸರಕು ಕಲ್ಲಿದ್ದಲೇ! ಅದಕ್ಕೇನು ಅವಸರ? ಗಾಳಿ ಪುಕ್ಕಟೆ, ಯಂತ್ರ ಕಿತ್ತರೆ ಆ ಜಾಗವೂ ಸರಕಿಗೆ.

ಉಳಿದದ್ದು ಚಿಕ್ಕದು. 1886ರಲ್ಲಿ ಬಿರುಗಾಳಿಗೆ ಸಿಕ್ಕಿ ದಕ್ಷಿಣ ಅಟ್ಲಾಂಟಿಕ್‌ನ ಫಾಕ್ಲೆಂಡ್ ದ್ವೀಪ ಸೇರಿತು, ಅಲ್ಲಿ ಉಣ್ಣೆ, ಕಲ್ಲಿದ್ದಲಿನ ಗೋದಾಮಾಯಿತು. 1937ರಲ್ಲಿ ಅಲ್ಲೇ ಸ್ಪ್ಯಾರೋ ಕೋವ್ ಎಂಬ ಚಿಕ್ಕ ಕೊಲ್ಲಿಯಲ್ಲಿ ಬಿಟ್ಟುಬಂದರು. 1970ರಲ್ಲಿ ಎತ್ತಿ ಬ್ರಿಸ್ಟಲ್‌ಗೆ ತಂದರು. ಈಗ ಅಲ್ಲಿ ಮ್ಯೂಸಿಯಂ. ಒಳಗೆ ತಿರುಗುವ ದೊಡ್ಡ ಯಂತ್ರ ಮಾತ್ರ ಮೂಲದ್ದಲ್ಲ, ಅದೇ ಅಳತೆಯ ಪ್ರತಿಕೃತಿ.