ವಿಎಂಗೆ ಮನೆಯ ನೆಟ್‌ವರ್ಕ್: 10.0.2.15 ನನ್ನನ್ನು ಕಾಡಿದ ಕಥೆ

ವಿಎಂ (ವರ್ಚುವಲ್ ಮಷೀನ್) ಅಂದರೆ ಕಂಪ್ಯೂಟರಿನೊಳಗೆ ನಡೆಯುವ ಇನ್ನೊಂದು ಕಂಪ್ಯೂಟರ್. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದಲ್ಲಿ ಅದನ್ನು ಮಾಡಿ ಉಬುಂಟು (ಲಿನಕ್ಸ್) ಕೂರಿಸುವ ತನಕ ನಿಮಗೆ ಗೊತ್ತು ಅಂದುಕೊಂಡಿದ್ದೇನೆ. ನಾನು ಸಿಕ್ಕಿಬಿದ್ದದ್ದು ಅದರಾಚೆ. ವಿಎಂ ಒಳಗೆ ಇಂಟರ್ನೆಟ್ ಚೆನ್ನಾಗಿ ಬರುತ್ತಿತ್ತು. ಆದರೆ ಅದರೊಳಗೆ ನಡೆಸಿದ ವೆಬ್ ಸರ್ವರ್ ಮಾತ್ರ ನನ್ನ ಮೊಬೈಲಿನಲ್ಲಿ ತೆರೆಯಲೇ ಇಲ್ಲ. ಐಪಿ, ಅಂದರೆ ನೆಟ್‌ವರ್ಕಿನ ವಿಳಾಸ, ತೋರಿಸುವ 'ಐಪಿ ಎ' (ip a) ಆಜ್ಞೆ ವಿಎಂನಲ್ಲಿ ಕೊಟ್ಟು ನೋಡಿದರೆ 10.0.2.15. ನಮ್ಮ ರೂಟರ್ ಹಂಚುವುದು 192.168.1ರ ಸಾಲಿನ ನಂಬರುಗಳನ್ನು. ಹಾಗಾದರೆ ಈ ಹತ್ತು ಎಲ್ಲಿಂದ ಬಂತು?

ಕೊಟ್ಟದ್ದು ರೂಟರ್ ಅಲ್ಲ, ವರ್ಚುವಲ್‌ಬಾಕ್ಸ್. ಹೊಸ ವಿಎಂ ಯಾವಾಗಲೂ ನ್ಯಾಟ್‌ನಲ್ಲಿ (NAT, ವಿಎಂ ಲ್ಯಾಪ್‌ಟಾಪಿನ ವಿಳಾಸದ ಹಿಂದೆ ನಿಂತು ಹೊರಗೆ ಹೋಗುವ ವ್ಯವಸ್ಥೆ) ಹುಟ್ಟುತ್ತದೆ. ಎರಡನೆಯದನ್ನು ಮಾಡಿ ನೋಡಿದೆ, ಅದಕ್ಕೂ 10.0.2.15! ಜಗಳವೇನೂ ಇಲ್ಲ, ಒಂದೊಂದಕ್ಕೂ ಬೇರೆ ಬೇರೆ ನ್ಯಾಟ್. ಒಂದಕ್ಕೊಂದು ಕಾಣುವುದೂ ಇಲ್ಲ.

ನನ್ನ ತಲೆಗೆ ಹತ್ತಿದ್ದು ತೋಟದ ಲೆಕ್ಕದಲ್ಲಿ. ಕಾಫಿ ತೋಟದ ಲೈನ್ ಮನೆಯವರು ಕಾಗದ ಬರೆದರೆ ತೋಟದ ವಿಳಾಸದಿಂದಲೇ ಹೋಗುತ್ತದೆ ಅಂದುಕೊಳ್ಳಿ. ಯಾರು ಯಾರಿಗೆ ಬರೆದರು ಎಂದು ರೈಟರ್ (ತೋಟದ ಗುಮಾಸ್ತ; ಇಲ್ಲಿ ನ್ಯಾಟ್) ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಉತ್ತರ ಬಂದರೆ ಪುಸ್ತಕ ನೋಡಿ ಸರಿಯಾದ ಮನೆಗೆ ಕೊಡುತ್ತಾರೆ. ಆದರೆ ಹೊರಗಿನವರು ತಾವಾಗಿಯೇ ಬರೆದ ಕಾಗದಕ್ಕೆ ಪುಸ್ತಕದಲ್ಲಿ ಗುರುತಿಲ್ಲ, ಅದು ಗೇಟಲ್ಲೇ ಉಳಿಯುತ್ತದೆ. ನನ್ನ ಮೊಬೈಲ್ ಬರೆದದ್ದು ಅಂಥ ಕಾಗದ. ಪೋರ್ಟ್ ಫಾರ್ವರ್ಡಿಂಗ್ ಅಂದರೆ '2222 ಎಂದು ಬರೆದ ಲಕೋಟೆಯನ್ನೆಲ್ಲ ಆ ಮನೆಯ 22ನೇ ಬಾಗಿಲಿಗೆ ಕೊಡಿ' ಎಂದು ರೈಟರ್‌ಗೆ ಮೊದಲೇ ಹೇಳಿಡುವುದು. ಇನ್ನೊಂದು ಕಂಪ್ಯೂಟರಿಗೆ ಆಜ್ಞೆ ಕೊಡಲು ಬಳಸುವ ಎಸ್‌ಎಸ್‌ಎಚ್‌ಗೆ ಇಷ್ಟು ಸಾಕು: ಲ್ಯಾಪ್‌ಟಾಪಿನಿಂದ 127.0.0.1ರ (ಲ್ಯಾಪ್‌ಟಾಪ್ ತನ್ನನ್ನೇ ಕರೆದುಕೊಳ್ಳುವ ವಿಳಾಸ) 2222ಕ್ಕೆ ಹೋದರೆ ವಿಎಂ ಸಿಗುತ್ತದೆ.

ವಿಎಂನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ನ್ಯಾಟ್ ಬದಲು ಬ್ರಿಡ್ಜ್ಡ್ ಅಡಾಪ್ಟರ್ ಆರಿಸಿದರೆ ರೈಟರೇ ಬೇಡ. ವಿಎಂ ನೇರ ರೂಟರ್ ಹತ್ತಿರ ಹೋಗಿ ಸ್ವಂತ ನಂಬರು ಕೇಳುತ್ತದೆ, ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ. ನಾನೂ ಹಾಗೇ ಮಾಡಿದೆ. ಇದ್ದ ಇಂಟರ್ನೆಟ್ಟೂ ಹೋಯಿತು! ಐಪಿಯೇ ಇಲ್ಲ.

ಎರಡು ರಾತ್ರಿ ಉಬುಂಟುವನ್ನೇ ಬೈದೆ. ತಪ್ಪು ಇದ್ದದ್ದು ಅದೇ ಸೆಟ್ಟಿಂಗ್‌ನ ಕೆಳಗಿನ 'ನೇಮ್' ಎಂಬ ಪಟ್ಟಿಯಲ್ಲಿ, ಬ್ರಿಡ್ಜ್ ಯಾವ ಕಾರ್ಡಿಗೆ ಎಂದು ಆರಿಸುವಲ್ಲಿ. ನಮ್ಮ ಮಡಿಕೇರಿ ಕಡೆ ಗುಡುಗು ಶುರುವಾದರೆ ಅಮ್ಮ ಮೊದಲು ಕೂಗುವುದೇ "ಆ ವಯರ್ ಕೀಳೋ!" ಎಂದು. ಕಿತ್ತಿದ್ದೆ, ಲ್ಯಾಪ್‌ಟಾಪ್ ಸದ್ದಿಲ್ಲದೆ ವೈಫೈಗೆ ಹೋಗಿತ್ತು. ಬ್ರಿಡ್ಜ್ ಮಾತ್ರ ಇನ್ನೂ ಲ್ಯಾನ್ ಕಾರ್ಡಿಗೇ ಅಂಟಿಕೊಂಡು, ವಯರಿಲ್ಲದ ತೂತಿನ ಮುಂದೆ ಕೂತು ಐಪಿ ಕೇಳುತ್ತಿತ್ತು. ಲ್ಯಾಪ್‌ಟಾಪ್ ದಾರಿ ಬದಲಿಸಿದರೆ ಬ್ರಿಡ್ಜ್ ತಾನಾಗಿ ಬದಲಾಗುವುದಿಲ್ಲ. ಪಟ್ಟಿಯಲ್ಲಿ ವೈಫೈ ಕಾರ್ಡಿನ ಹೆಸರನ್ನು ನಾವೇ ಆರಿಸಬೇಕು. (ಒಳಗೆ ವಿಂಡೋಸ್ ಇದ್ದರೆ ಇದೇ ತಪ್ಪಿಗೆ 169.254ರಿಂದ ಶುರುವಾಗುವ ನಂಬರು ಕಾಣುತ್ತದೆ.)

ವೈಫೈಯಲ್ಲಿ ಬ್ರಿಡ್ಜ್ ಸ್ವಲ್ಪ ಕಳ್ಳದಾರಿ. ವಯರಿನಲ್ಲಾದರೆ ವಿಎಂ 08:00:27ರಿಂದ ಶುರುವಾಗುವ ತನ್ನದೇ ಮ್ಯಾಕ್ ವಿಳಾಸದಲ್ಲಿ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರು) ಹೋಗುತ್ತದೆ. ವೈಫೈಯಲ್ಲಿ ವರ್ಚುವಲ್‌ಬಾಕ್ಸ್ ಅದನ್ನು ಲ್ಯಾಪ್‌ಟಾಪಿನ ಮ್ಯಾಕ್‌ಗೆ ಬದಲಿಸಿ ಕಳಿಸುತ್ತದೆ. ಎಲ್ಲ ವೈಫೈ ಕಾರ್ಡಿಗೂ ಇದು ಒಗ್ಗುವುದಿಲ್ಲ, ಆಗ ನ್ಯಾಟೇ ಗತಿ.

ವಿಎಂ ಕ್ಲೋನ್ (ನಕಲು) ಮಾಡುವಾಗ ಹೊಸ ಮ್ಯಾಕ್ ಕೊಡಲು ಮರೆಯಬೇಡಿ, ಇಲ್ಲದಿದ್ದರೆ ಎರಡಕ್ಕೂ ಒಂದೇ ಮ್ಯಾಕ್ ಆಗುತ್ತದೆ.

ಈಗ ನಾನು ಮಾಡುವುದಿಷ್ಟು: ಗುಡುಗಿದರೆ ವಯರ್ ಕಿತ್ತು, ವಿಎಂ ಆಫ್ ಮಾಡದೆಯೇ 'ನೇಮ್' ಬದಲಿಸಿ, 'ಕೇಬಲ್ ಕನೆಕ್ಟೆಡ್' ಎದುರಿನ ಟಿಕ್ ತೆಗೆದು ಮತ್ತೆ ಹಾಕುತ್ತೇನೆ. ವಯರ್ ಕಿತ್ತು ಚುಚ್ಚಿದರು ಎಂದುಕೊಂಡು ವಿಎಂ ಹೊಸ ಐಪಿ ಕೇಳುತ್ತದೆ.