ಪಾಸ್ ಇದೆ, ಆದರೆ ಬಂದ ಬಸ್ ಯಾವುದು?

ಪ್ರಶ್ನೆ: ನನ್ನ ತಮ್ಮನಿಗೆ ಕಣ್ಣು ಕಾಣುವುದಿಲ್ಲ. ಗುಬ್ಬಿಯಿಂದ ತುಮಕೂರಿಗೆ ಕಾಲೇಜಿಗೆ ಬರುತ್ತಾನೆ. ಉಚಿತ ಬಸ್ ಪಾಸ್ ಇದೆ. ಆದರೂ ಒಬ್ಬನೇ ಓಡಾಡಲು ಕಷ್ಟ. ಬಂದಿದ್ದು ಯಾವ ಬಸ್ ಅಂತ ತಿಳಿಯೋದೇ ಇಲ್ಲ. ಯಾವಾಗಲೂ ಯಾರಾದರೂ ಜೊತೆಗೆ ಇರಲೇಬೇಕಾ?

ಉತ್ತರ: ಇರಬೇಕಾಗಿಲ್ಲ. ನಿಮ್ಮ ತಮ್ಮ ಒಬ್ಬನೇ ಓಡಾಡಬಹುದು. ಇಂಥ ಪ್ರಶ್ನೆ ಕೇಳುವವರು ಬಹಳ ಜನ, ತೊಡಕು ಮಾತ್ರ ಎಲ್ಲರದೂ ಒಂದೇ. ಕಣ್ಣು ಕಾಣದವರಿಗೆ ಕೆಎಸ್‌ಆರ್‌ಟಿಸಿ ಉಚಿತ ಪಾಸ್ ಕೊಡುತ್ತದೆ. ಅದು ದೊಡ್ಡ ನೆರವೇ. ಆದರೆ ಪಾಸ್‌ನಿಂದ ದುಡ್ಡು ಉಳಿಯುತ್ತದೆ, ಬಸ್ ಯಾವುದು ಅಂತ ಗೊತ್ತಾಗುವುದಿಲ್ಲ. ಬಸ್ಸಿನ ಬೋರ್ಡು, ಪ್ಲಾಟ್‌ಫಾರಂ ನಂಬರು, ವೇಳಾಪಟ್ಟಿ ಎಲ್ಲವೂ ಇರುವುದು ಕಣ್ಣಿಗೆ. ಕಿವಿಗೆ ಏನಾದರೂ ಸಿಕ್ಕರೆ ಅದು ಅದೃಷ್ಟ.

ನಮ್ಮಲ್ಲಿ ಕಿವಿಗೆ ಸಿಗುವ ಒಂದು ಒಳ್ಳೆಯ ವ್ಯವಸ್ಥೆ ಹಳೆಯ ಕಾಲದಿಂದಲೂ ಇದೆ. ಕಂಡಕ್ಟರ್ ಕೂಗು. ತುಮಕೂರು ನಿಲ್ದಾಣದಲ್ಲಿ ಒಂದು ಗಳಿಗೆ ನಿಂತರೆ ಸಾಕು, ‘ಬೆಂಗಳೂರ್ ಬೆಂಗಳೂರ್’, ‘ಸಿರಾ ಸಿರಾ’, ‘ಗುಬ್ಬಿ ತಿಪಟೂರು’ ಅಂತ ಕೇಳುತ್ತಲೇ ಇರುತ್ತದೆ. ಯಾವ ಕಡೆಯಿಂದ ದನಿ ಬಂತೋ ಆ ಕಡೆಗೆ ಬಾಗಿಲು ಇದೆ ಅಂತ ಅರ್ಥ. ಕಣ್ಣು ಕಾಣದವರಿಗೆ ಇದಕ್ಕಿಂತ ಸುಲಭದ ಗುರುತು ಇನ್ನೊಂದಿಲ್ಲ. ಬೇಜಾರೆಂದರೆ ಈ ಕೂಗು ಸೀಟು ತುಂಬಿಸಲು ಹುಟ್ಟಿದ್ದು. ಬಸ್ ತಾನಾಗೇ ತುಂಬಿದರೆ ಕೂಗು ನಿಲ್ಲುತ್ತದೆ. ಬೆಳಿಗ್ಗೆ ಕಾಲೇಜಿನ ಹೊತ್ತಿನಲ್ಲಿ ಆಗುವುದೂ ಇದೇ. ರಶ್ ಜಾಸ್ತಿ ಇದ್ದಾಗಲೇ ಕೂಗು ಬೇಕು, ಆಗಲೇ ಅದು ಇರುವುದಿಲ್ಲ.

ರಸ್ತೆ ಬದಿಯ ಸ್ಟಾಪ್‌ಗಳಲ್ಲಿ ಇನ್ನೂ ಕಷ್ಟ. ತುಮಕೂರಿನ ಬಟವಾಡಿಯಲ್ಲೋ ಕ್ಯಾತ್ಸಂದ್ರದಲ್ಲೋ ಎರಡು ಬಸ್ ಒಂದರ ಹಿಂದೆ ಒಂದು ಬಂದರೆ, ಹಿಂದಿನದು ಹತ್ತು ಹೆಜ್ಜೆ ಆಚೆ ನಿಂತು ಹೊರಟೇ ಹೋಗುತ್ತದೆ. ‘ಇದು ಎಲ್ಲಿಗೆ?’ ಅಂತ ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ.

ಹಾಗಾಗಿ ಮೊದಲು ಇಷ್ಟು ಮಾಡಿ. ದಾರಿ ಸ್ವಲ್ಪ ಸುತ್ತಾದರೂ ಸ್ಟಾಪ್‌ಗಿಂತ ನಿಲ್ದಾಣದಲ್ಲೇ ಬಸ್ ಹತ್ತಲಿ. ಅಲ್ಲಿ ಬಸ್ ನಿಂತಿರುತ್ತದೆ, ಕೇಳಲು ಸಮಯ ಇರುತ್ತದೆ, ಸಂಚಾರ ನಿಯಂತ್ರಕರ ಕೊಠಡಿಯೂ ಇರುತ್ತದೆ. ದಿನಾ ಒಂದೇ ಹೊತ್ತಿಗೆ ಬಂದರೆ ಅಲ್ಲಿನವರಿಗೂ ಮುಖ ಪರಿಚಯ ಆಗುತ್ತದೆ. ಹತ್ತಿದ ತಕ್ಷಣ ಕಂಡಕ್ಟರ್‌ಗೆ ಇಳಿಯುವ ಜಾಗ ಹೇಳಿ, ಮುಂದಿನ ಸೀಟಿನಲ್ಲಿ ಕೂರಲಿ. ಬಿಳಿ ಕೋಲು ಕೈಯಲ್ಲಿ ಇರಲೇಬೇಕು. ಕೋಲು ಹಿಡಿಯಲು ನಾಚಿಕೆ ಪಡುವ ಹುಡುಗರು ತುಂಬಾ ಇದ್ದಾರೆ, ಅವರ ಸಂಕಟ ಅರ್ಥವಾಗುತ್ತದೆ. ಆದರೆ ಡ್ರೈವರ್‌ಗೆ ದೂರದಿಂದ ಕಾಣುವ ಗುರುತು ಅದೊಂದೇ.

ಫೋನ್ ಕೂಡ ಕೆಲಸಕ್ಕೆ ಬರುತ್ತದೆ. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ. ಗೂಗಲ್‌ನ ಕನ್ನಡ ದನಿಯೂ ಸಿಗುತ್ತದೆ. ಮ್ಯಾಪ್ ತೆರೆದಿಟ್ಟುಕೊಂಡರೆ ಬಸ್ ಎಲ್ಲಿಗೆ ಬಂತು ಅಂತ ಯಾರನ್ನೂ ಕೇಳದೆ ತಿಳಿಯಬಹುದು. ಇಯರ್‌ಫೋನ್ ಮಾತ್ರ ಒಂದೇ ಕಿವಿಗೆ ಇರಲಿ. ಇನ್ನೊಂದು ಕಿವಿ ರಸ್ತೆಗೆ ಬೇಕು.

ಬಂದ ಬಸ್ಸೇ ತನ್ನ ನಂಬರ್ ಹೇಳಿದರೆ ಹೇಗೆ? ಇದು ಕನಸೇನಲ್ಲ. ದೆಹಲಿ ಐಐಟಿಯವರು ‘ಆನ್‌ಬೋರ್ಡ್’ ಅನ್ನುವ ಸಾಧನ ಮಾಡಿದ್ದಾರೆ. ಪ್ರಯಾಣಿಕನ ಕೈಯಲ್ಲಿ ಒಂದು ಸಣ್ಣ ಯಂತ್ರ, ಬಸ್ಸಿನಲ್ಲಿ ಇನ್ನೊಂದು. ಗುಂಡಿ ಒತ್ತಿದರೆ ಹತ್ತಿರ ಬಂದಿರುವ ಬಸ್‌ಗಳ ನಂಬರು ಕೈಯಲ್ಲಿರುವ ಯಂತ್ರದಿಂದ ಕೇಳುತ್ತದೆ. ಬೇಕಾದ ಬಸ್ ಆರಿಸಿದರೆ ಆ ಬಸ್ಸಿನ ಬಾಗಿಲ ಬಳಿಯ ಸ್ಪೀಕರ್ ಕೂಗುತ್ತದೆ. ದನಿ ಹಿಡಿದು ನಡೆದರೆ ಬಾಗಿಲು. ಕಂಡಕ್ಟರ್ ಕೂಗು ಮಾಡುವ ಕೆಲಸವನ್ನೇ ಇದು ಮಾಡುತ್ತದೆ, ಆದರೆ ಯಾರ ಮನಸ್ಸನ್ನೂ ಕಾಯುವುದಿಲ್ಲ. ನನ್ನ ಪ್ರಕಾರ ತುಮಕೂರಿನ ನಗರ ಸಾರಿಗೆ ಇಂಥದ್ದಕ್ಕೆ ಹೇಳಿ ಮಾಡಿಸಿದ ಜಾಗ. ಬೆಂಗಳೂರಿನಷ್ಟು ಬಸ್‌ಗಳಿಲ್ಲ, ಮಾರ್ಗಗಳೂ ಕಡಿಮೆ. 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರು ಇದನ್ನು ಕೇಳಿದರೆ ತಪ್ಪೇನಿದೆ?

ಕೇಳುವುದು ದಾನವನ್ನಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಬಸ್ ನಿಲ್ದಾಣ, ರೈಲು ನಿಲ್ದಾಣ, ಟಿಕೆಟ್ ಕೌಂಟರ್, ಶೌಚಾಲಯ ಎಲ್ಲರಿಗೂ ಬಳಸುವಂತಿರಬೇಕು ಅಂತ ಅದರ 41ನೇ ಸೆಕ್ಷನ್ ಹೇಳುತ್ತದೆ. 2020ರ ಮಾರ್ಚ್ 1ರಿಂದ ಬಸ್‌ಗಳಲ್ಲಿ ಮೀಸಲು ಸೀಟು, ಹಿಡಿದುಕೊಳ್ಳಲು ಕಂಬಿ, ಕೋಲು ಇಡಲು ಜಾಗ ಇರಬೇಕು ಅಂತ ಮೋಟಾರು ವಾಹನ ನಿಯಮಕ್ಕೂ ತಿದ್ದುಪಡಿ ಆಗಿದೆ. ವಿಕಲಚೇತನರ ಕಾಯ್ದೆಯಡಿ ಇಂಥ ಸೌಲಭ್ಯಗಳ ಬಗ್ಗೆ ಬಂದ ಒಂದು ನಿಯಮ ಬರೀ ಸಲಹೆಯಂತಿತ್ತು. ಅದು ಸಾಲದು, ಪಾಲಿಸಲೇಬೇಕಾದ ನಿಯಮ ಮಾಡಿ ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. ಆ ಕೇಸು ಹಾಕಿದ ರಾಜೀವ್ ರತೂರಿ ಅವರಿಗೂ ದೃಷ್ಟಿ ಇಲ್ಲ.

ನಿಲ್ದಾಣದ ನೆಲದಲ್ಲಿ ಹಳದಿ ಉಬ್ಬು ಟೈಲ್ಸ್ ನೋಡಿರುತ್ತೀರಿ. ಅದು ಅಂದಕ್ಕೆ ಹಾಕಿದ್ದಲ್ಲ, ಕಣ್ಣು ಕಾಣದವರ ಕಾಲಿಗೆ ದಾರಿ ಹೇಳಲು. ಉದ್ದ ಗೆರೆ ಇದ್ದರೆ ಮುಂದೆ ನಡಿ, ದುಂಡು ಚುಕ್ಕಿ ಇದ್ದರೆ ನಿಲ್ಲು ಅಂತ. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಇದನ್ನು ರೂಪಿಸಿದರು. 1967ರಲ್ಲಿ ಒಕಾಯಾಮ ಊರಿನ ಅಂಧರ ಶಾಲೆಯ ಹತ್ತಿರ ಮೊದಲು ಹಾಕಿದರು. ದಯವಿಟ್ಟು ಅದರ ಮೇಲೆ ಬೈಕ್ ನಿಲ್ಲಿಸಬೇಡಿ, ಬ್ಯಾಗು ಇಡಬೇಡಿ.

ಗುಬ್ಬಿಯಲ್ಲೂ ತುಮಕೂರಿನಲ್ಲೂ ರೈಲು ನಿಲ್ದಾಣ ಇದೆಯಲ್ವಾ, ಸಮಯ ಹೊಂದಿದರೆ ಅದನ್ನೂ ನೋಡಿ. ಪೂರ್ತಿ ದೃಷ್ಟಿ ಇಲ್ಲದವರಿಗೆ ಎರಡನೇ ದರ್ಜೆ ಮತ್ತು ಸ್ಲೀಪರ್‌ನಲ್ಲಿ ಶೇಕಡ 75 ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ತಿಂಗಳ ಪಾಸ್‌ಗೆ ಅರ್ಧ ದರ. ಸ್ವಲ್ಪ ದೃಷ್ಟಿ ಇರುವವರಿಗೆ ಈ ರಿಯಾಯಿತಿ ಸಿಗುವುದಿಲ್ಲ. ಇದು ಸರಿಯಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಬೋರ್ಡು ಓದಲಾಗದ ಕಷ್ಟ ಅವರಿಗೂ ಇದೆ. ಬೆಂಗಳೂರಿಗೆ ಹೋಗುವುದಿದ್ದರೆ, 2024ರ ನವೆಂಬರ್‌ನಿಂದ ಮೆಟ್ರೋ ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ರೈಲಿನೊಳಗೆ ಪ್ರತಿ ನಿಲ್ದಾಣದ ಹೆಸರನ್ನೂ ಕನ್ನಡದಲ್ಲಿ ಕೂಗುತ್ತಾರೆ. ಒಮ್ಮೆ ಅದರಲ್ಲಿ ಹೋದರೆ ಬಸ್ಸಿನಲ್ಲಿ ಏನು ಕೊರತೆ ಅಂತ ಚೆನ್ನಾಗಿ ಗೊತ್ತಾಗುತ್ತದೆ.

ಬಸ್ ಸ್ಟಾಪ್‌ನಲ್ಲಿ ನಿಂತಿರುವ ಉಳಿದವರಿಗೂ ಒಂದು ಮಾತು. ಕಣ್ಣು ಕಾಣದವರನ್ನು ಕೈ ಹಿಡಿದು ಎಳೆಯಬೇಡಿ, ಹಿಂದಿನಿಂದ ತಳ್ಳಬೇಡಿ. ಸಹಾಯ ಬೇಕಾ ಅಂತ ಕೇಳಿ. ಬೇಕು ಅಂದರೆ ನಿಮ್ಮ ಮೊಣಕೈ ಕೊಡಿ, ಅವರೇ ಹಿಡಿದುಕೊಂಡು ಬರುತ್ತಾರೆ. ‘ಅಲ್ಲಿದೆ, ಇಲ್ಲಿದೆ’ ಅಂದರೆ ಅವರಿಗೆ ಏನೂ ತಿಳಿಯದು. ‘ಎಡಕ್ಕೆ ನಾಲ್ಕು ಹೆಜ್ಜೆ, ಆಮೇಲೆ ಮೆಟ್ಟಿಲು’ ಅನ್ನಿ. ಬಾಗಿಲ ಕಂಬಿಗೆ ಅವರ ಕೈ ಮುಟ್ಟಿಸಿದರೆ ಸಾಕು, ಹತ್ತುವುದು ಅವರಿಗೆ ಗೊತ್ತು.

ಇನ್ನು ನೀವು ಮಾಡಬೇಕಾದ ಕೆಲಸ. ಕೆಎಸ್‌ಆರ್‌ಟಿಸಿಯ ತುಮಕೂರು ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು ಪತ್ರ ಬರೆಯಿರಿ. ಸುಮ್ನೆ ‘ಸೌಲಭ್ಯ ಕೊಡಿ’ ಅಂತ ಬರೆದರೆ ಯಾರೂ ಓದುವುದಿಲ್ಲ. ಯಾವ ಸ್ಟಾಪ್, ಎಷ್ಟು ಗಂಟೆ, ಯಾವ ಮಾರ್ಗ ಅಂತ ಖಚಿತವಾಗಿ ಹೇಳಿ. ಬಿಳಿ ಕೋಲು ಕಂಡರೆ ಬಸ್ ನಿಲ್ಲಿಸಿ ಊರಿನ ಹೆಸರು ಕೂಗಬೇಕು ಅಂತ ಎಲ್ಲ ಕಂಡಕ್ಟರ್‌ಗಳಿಗೂ ಸುತ್ತೋಲೆ ಕಳಿಸಿ ಅಂತ ಕೇಳಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ತಮ್ಮನ ಯುಡಿಐಡಿ ಕಾರ್ಡಿನ (ವಿಕಲಚೇತನರ ಗುರುತಿನ ಚೀಟಿ) ಪ್ರತಿ ಲಗತ್ತಿಸಿ, ಸ್ವೀಕೃತಿ ತಗೊಳ್ಳಿ. ಉತ್ತರ ಬರದಿದ್ದರೆ ಅದೇ ಪತ್ರದ ಪ್ರತಿಯನ್ನು ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರಿನ ರೂಪದಲ್ಲಿ ಕಳಿಸಿ. ದೂರು ಪರಿಶೀಲಿಸುವ ಅಧಿಕಾರ ಅವರಿಗೆ ಮೇಲೆ ಹೇಳಿದ 2016ರ ಕಾಯ್ದೆಯಲ್ಲೇ ಇದೆ.